ನರೋಡಾದ ನೀರು, ಅಘನಾಶಿನಿಯ ನೀರು

'ಊರಿನದೆಲ್ಲ ದೊಡ್ಡದು' ಎನ್ನುವುದು ನಮ್ಮ ತಲೆಮಾರಿನವರ ಚಾಳಿ. ಶಿರಸಿಯ ಹಲಸು ದೊಡ್ಡದು, ಮಳೆ ದೊಡ್ಡದು, ಕೊನೆಗೆ ಹೊಳೆಯಂಚಿನ ಏರೋಪ್ಲೇನ್ ಚಿಟ್ಟೆಯೂ ದೊಡ್ಡದು! ಇಲ್ಲಿಯೇ ಹುಟ್ಟಿ ಬೆಳೆದ ನಿಮಗೆ ಇದನ್ನು ಕೇಳಿ ಕೇಳಿ ಸಾಕಾಗಿರಬಹುದು. ಹಲಸಿನ ಮಾತು ಬಿಡಿ. ನೀರಿನಲ್ಲಿ ಹುಟ್ಟುವ ಹುಳುಗಳ ಮಟ್ಟಿಗೆ ಇದನ್ನು ಪರೀಕ್ಷಿಸಿ ನೋಡಬಹುದು.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ, ನಾಡು ಬದಲಾದಂತೆ ಮೈಯಳತೆ ಬದಲಾಗುವುದೆಂದರೆ ಮೊದಲು ನೆನಪಾಗುವುದು 1726ರಲ್ಲಿ ಪ್ರಕಟವಾದ ಗಲಿವರನ ಪ್ರವಾಸ. ಸ್ವಿಫ್ಟ್ ಮಹಾಶಯ ಬರೆದದ್ದು ವಿಡಂಬನೆಗೆ. 1847ರಲ್ಲಿ ಜರ್ಮನಿಯ ಕಾರ್ಲ್ ಬರ್ಗ್‌ಮನ್ ಗಂಭೀರವಾಗಿಯೇ ಹೇಳಿದ: ಬಿಸಿರಕ್ತದ ಪ್ರಾಣಿಗಳಲ್ಲಿ ಹತ್ತಿರದ ಬಳಗವನ್ನು ಹೋಲಿಸಿದರೆ ಚಳಿನಾಡಿನವು ಸಾಮಾನ್ಯವಾಗಿ ದೊಡ್ಡವು, ಏಕೆಂದರೆ ದೊಡ್ಡ ಮೈ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ.

ಹುಳುಗಳದು ಬಿಸಿರಕ್ತವಲ್ಲ. ಆದರೂ ಒಂದೇ ಜಾತಿಯ ಹುಳು ತಣ್ಣೀರಿನಲ್ಲಿ ಬೆಳೆದರೆ ಬಹುಪಾಲು ದೊಡ್ಡದಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಮರಿಹುಳು ಬೇಗ ಬೆಳೆಯುತ್ತದೆ, ನಿಜ. ಆದರೆ ಅದಕ್ಕಿಂತ ಬೇಗ ಪ್ರಾಯಕ್ಕೆ ಬಂದು, ಸಣ್ಣ ಮೈಯಲ್ಲೇ ರೆಕ್ಕೆ ಬಿಚ್ಚುತ್ತದೆ. ಇನ್ನೊಂದು ಕಾರಣ ಉಸಿರು ಎನ್ನುತ್ತಾರೆ. ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ 14 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕ ಕರಗಬಲ್ಲದು; 30 ಡಿಗ್ರಿಯಲ್ಲಿ ಅದರ ಅರ್ಧದಷ್ಟು. ಶಾಖಕ್ಕೆ ಮೈ ಕುಗ್ಗುವುದು ನೆಲದ ಜೀವಿಗಳಿಗಿಂತ ನೀರಿನವುಗಳಲ್ಲಿ ಹೆಚ್ಚು ಎಂದು 2012ರ ಒಂದು ಅಧ್ಯಯನ ತೋರಿಸಿತು. (ಬಾಲದ ಕೊಳವೆಯಿಂದ ಹೊರಗಿನ ಗಾಳಿಯನ್ನೇ ಎಳೆಯುವ ಸೊಳ್ಳೆಮರಿಗೆ ಈ ಉಸಿರಿನ ಕಾರಣ ಸಲ್ಲದು. ಅದಕ್ಕೆ ಮೊದಲಿನದೇ ಸಾಕು.)

ಈಗ ಭೂಪಟ ತೆರೆಯಿರಿ. ಶಿರಸಿ 14 ಡಿಗ್ರಿ ಅಕ್ಷಾಂಶದ ಆಸುಪಾಸು, ನರೋಡಾ 23. ಬರಿಯ ಭೂಪಟ ನಂಬಿದರೆ ಉತ್ತರದ ನಮ್ಮ ಹುಳುವೇ ದೊಡ್ಡದಿರಬೇಕು. ಹುಳುವಿಗೆ ಭೂಪಟ ಗೊತ್ತಿಲ್ಲ, ತನ್ನ ನೀರು ಗೊತ್ತು. ಶಿರಸಿಯ ಹತ್ತಿರ ಅಘನಾಶಿನಿಗೆ ಸೇರುವ ಹಳ್ಳಗಳು ಮರದ ನೆರಳಿನಲ್ಲೇ ಹರಿಯುತ್ತವೆ. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಯಿತು. ಮೇ ಮಧ್ಯಾಹ್ನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡವರಿಗೆ ತಾರಸಿ ಟ್ಯಾಂಕಿನ ನೀರಿನ ಬಗ್ಗೆ ಹೇಳಬೇಕಿಲ್ಲ. ಜನವರಿಯಲ್ಲೋ, ಅದೇ ನಲ್ಲಿಯ ನೀರಿಗೆ ಬೆರಳು ಮರಗಟ್ಟುತ್ತದೆ! ಒಂದೇ ನರೋಡಾ, ವರ್ಷದೊಳಗೆ ಲಿಲಿಪುಟ್ಟೂ ಹೌದು, ದೈತ್ಯರ ನಾಡೂ ಹೌದು.

ಇದು ಬರೀ ವಿನೋದವಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಬೆಚ್ಚನೆಯ ನೀರಿನಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಹಾರುತ್ತದೆ. ನೀರು ತಂಪಾದಷ್ಟೂ ಹೆಚ್ಚು ದಿನ ಹಿಡಿದು ದೊಡ್ಡದಾಗಿ ಬರುತ್ತದೆ. ದೊಡ್ಡ ಹೆಣ್ಣು ಹೆಚ್ಚು ಮೊಟ್ಟೆ ಇಡುತ್ತದೆ. ನಮ್ಮ ಸೊಸೈಟಿಯಲ್ಲಿ ಸೆಖೆ ಕಳೆಯಿತೆಂದು ಕೂಲರನ್ನು ನೀರು ಸಮೇತ ಮೂಲೆಗೆ ತಳ್ಳುತ್ತಾರೆ. ದೀಪಾವಳಿಯ ಹೊತ್ತಿಗೆ ಒಂದೇ ಮೆಟ್ಟಿಲ ಸಾಲಿನಲ್ಲಿ ಮೂವರು ಜ್ವರದಿಂದ ಮಲಗಿದ್ದನ್ನು ಕಂಡಿದ್ದೇನೆ. ನೀರು ಚೆಲ್ಲಿದರೆ ಸಾಲದು, ಕೂಲರಿನ ಒಳಬದಿಯನ್ನು ತಿಕ್ಕಬೇಕು. ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ನಮ್ಮ ಖಾರೀಕಟ್ ಕಾಲುವೆಯ ಕಥೆ ಬೇರೆ. ಬ್ರಿಟಿಷರ ಕಾಲದಲ್ಲಿ ಹೊಲಗಳಿಗೆಂದು ತೋಡಿದ್ದು, ನರೋಡಾ, ಓಢವ್, ವಟವಾ ಕಾರ್ಖಾನೆಗಳ ಬಣ್ಣದ ನೀರು ಕುಡಿದು ಹಾಳಾಯಿತು. ಈಚೆಗೆ ಅದನ್ನು ಸಿಮೆಂಟಿನಿಂದ ಮುಚ್ಚುವ ಕೆಲಸ ನಡೆದಿದೆ. ಆಮ್ಲಜನಕವೇ ಇಲ್ಲದಂಥ ನೀರಿನಲ್ಲಿ ದೊಡ್ಡದೇನು, ಸಣ್ಣದೇನು? ಅಂಥ ಕಡೆ ಬದುಕುಳಿಯುವುದು ಹೆಚ್ಚಾಗಿ ಕೆಂಪು ಹುಳ. ನಮ್ಮ ರಕ್ತದಲ್ಲಿರುವಂತೆ ಅದರ ಮೈಯಲ್ಲೂ ಹಿಮೋಗ್ಲೋಬಿನ್ ಇದೆ.

ಮಳೆಗಾಲ ಮುಗಿಯುವಾಗ ಬಯಲಿನ ಮೇಲೆ ಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು ನೋಡಿದ್ದೀರಲ್ಲ? ರೆಕ್ಕೆ ಬಿಚ್ಚಿದ ಮೇಲೆ ಅವು ಒಂದು ಕೂದಲಿನಷ್ಟೂ ಬೆಳೆಯುವುದಿಲ್ಲ. ಮೈಯಳತೆಯಲ್ಲಿ ಇರುವುದು ಹುಟ್ಟಿದ ನೀರಿನ ಗುರುತು, ಹಾರುತ್ತಿರುವ ಊರಿನದಲ್ಲ. ಇವು ಭಾರತದಿಂದ ಮಾಲ್ದೀವ್ಸ್ ಮೇಲೆ ಹಾದು ಆಫ್ರಿಕಕ್ಕೆ ಹೋಗುತ್ತವೆಂದು 2009ರಲ್ಲಿ ಚಾರ್ಲ್ಸ್ ಆಂಡರ್ಸನ್ ಬರೆದರು. ಮಾಲ್ದೀವ್ಸ್‌ನಲ್ಲಿ ಹಿಡಿದವುಗಳ ರೆಕ್ಕೆ ಪರೀಕ್ಷಿಸಿದಾಗ, ಅವು ಉಪಖಂಡದ ಉತ್ತರ ಭಾಗದಿಂದ ಬಂದಂತೆ 2012ರಲ್ಲಿ ಕಂಡುಬಂತು.

ಸತ್ತುಬಿದ್ದದ್ದು ಸಿಕ್ಕರೆ ಸ್ಕೇಲಿನಿಂದ ರೆಕ್ಕೆ ಅಳೆದು, ಊರು, ದಿನಾಂಕ ಬರೆದಿಡಿ. ರಜೆಗೆ ಅಜ್ಜಿಮನೆಗೆ ಹೋದಾಗ ಅದೇ ಜಾತಿಯದನ್ನೇ ಹುಡುಕಿ ಅಳೆಯಿರಿ. ಬೇರೆ ಜಾತಿಯದನ್ನು ತೋರಿಸಿ ಅಜ್ಜ 'ನೋಡು, ನಮ್ಮದು ದೊಡ್ಡದು' ಎಂದರೆ ಒಪ್ಪಬೇಡಿ.