133 ಮೆಟ್ಟಿಲು, ಒಂದು ಪಿಯಾನೋ, ಇಬ್ಬರು ಹಮಾಲರು!

ಹಾಸ್ಯದ ಜೋಡಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವರು ಯಾರು? ನರಸಿಂಹರಾಜು ಮತ್ತು ಬಾಲಣ್ಣ! ಇದರಲ್ಲಿ ಎರಡು ಮಾತಿಲ್ಲ. ಕಿವಿ ಮಂದವಿದ್ದ ಬಾಲಣ್ಣ ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರಂತೆ. ಆದರೂ ಅವರ ಟೈಮಿಂಗ್ ತಪ್ಪಿದ್ದನ್ನು ಯಾರಾದರೂ ಕಂಡಿದ್ದೀರಾ? ಆದರೆ ಗೆಳೆಯರೇ, ಇವತ್ತು ನಾನು ಹೇಳಹೊರಟಿದ್ದು ಇನ್ನೊಂದು ಜೋಡಿಯ ಮಾತು. ಲಾರೆಲ್ ಮತ್ತು ಹಾರ್ಡಿ. ಒಬ್ಬ ಕಡ್ಡಿ, ಒಬ್ಬ ಗುಡಾಣ. ಚಿತ್ರ ‘ದಿ ಮ್ಯೂಸಿಕ್ ಬಾಕ್ಸ್’, 1932ರದು. ಬರೀ ಮೂರು ರೀಲು, ಅರ್ಧ ತಾಸಿನ ಆಟ. ಕಿರು ಹಾಸ್ಯಚಿತ್ರಕ್ಕೆ ಅಂತ ಆಸ್ಕರ್ ಕೊಡಲು ಶುರು ಮಾಡಿದಾಗ ಮೊಟ್ಟಮೊದಲು ಅದನ್ನು ಹೊಡೆದುಕೊಂಡು ಹೋದದ್ದು ಇದೇ!

ಕಥೆ ಏನು ಅಂತೀರಿ? ಕಥೆ ಎಲ್ಲಿದೆ! ಒಂದು ಪಿಯಾನೋ ಪೆಟ್ಟಿಗೆ, ಒಂದು ಕುದುರೆ ಗಾಡಿ, ಗುಡ್ಡದ ತುದಿಯಲ್ಲೊಂದು ಮನೆ. ನಡುವೆ ಉದ್ದಾನುದ್ದ ಮೆಟ್ಟಿಲು. ಲಾಸ್ ಏಂಜಲಿಸ್‌ನಲ್ಲಿ ಆ ಮೆಟ್ಟಿಲು ಇವತ್ತಿಗೂ ಇವೆ, ಎಣಿಸಿದರೆ 133. ಇಬ್ಬರೂ ಪೆಟ್ಟಿಗೆ ಹೊತ್ತು ಏರುತ್ತಾರೆ. ಯಾರೋ ದಾರಿ ಬಿಡಿ ಅಂತಾರೆ, ಪೆಟ್ಟಿಗೆ ಜಾರಿ ಧಡಧಡ ಕೆಳಗೆ. ಮತ್ತೆ ಏರು, ಮತ್ತೆ ಧಡಧಡ.

ಈ ಚಿತ್ರ ನಾನು ನೋಡಿದ್ದು ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ, ನಮ್ಮ ಕಲಬುರಗಿಯಲ್ಲಿ. ಆಗ ಅದು ಗುಲಬರ್ಗಾ. ಸೂಪರ್ ಮಾರ್ಕೆಟ್‌ನಲ್ಲಿ ಟಿ.ವಿ., ವಿ.ಸಿ.ಆರ್. ರಾತ್ರಿ ಬಾಡಿಗೆಗೆ ಸಿಗುತ್ತಿತ್ತು. ಓಣಿಯ ಹುಡುಗರೆಲ್ಲ ಪಟ್ಟಿ ಹಾಕಿ ಅಣ್ಣಾವ್ರ ಎರಡು ಚಿತ್ರ ತಂದೆವು. ಅಂಗಡಿಯವ ಜೊತೆಗೆ ಇದೊಂದನ್ನು ಪುಕ್ಕಟೆ ಕೊಟ್ಟಿದ್ದ.

ನಮ್ಮಪ್ಪ ಹಮಾಲ. ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊತ್ತು ಹೊತ್ತು ಬೆನ್ನು ಹೋದ ಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ತಳ್ಳುಗಾಡಿ ಹಿಡಿದಿದ್ದ. ಅಲಮಾರಿ, ಹೊಲಿಗೆ ಮಷೀನು, ಬಟ್ಟೆ ಗಂಟು... ಯಾರ ಮನೆಗೆ ಏನಿದ್ದರೂ ಸರಿ. ಅಣ್ಣಾವ್ರ ಚಿತ್ರಕ್ಕೆ ಅಂತ ಬಂದು ಕೂತವ, ಇದು ಶುರುವಾದಾಗ ಏಳಲಿಲ್ಲ.

ಹುಡುಗರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಒಳಗೊಳಗೇ ಸಂಕಟ. ಭಾರ ಹೊತ್ತವ ಜಾರಿದರೆ ನಗುವುದೇ? ಅದೂ ಅಪ್ಪನ ಮುಂದೆ? ಕದ್ದು ನೋಡಿದೆ. ಅಪ್ಪನ ಮುಖದಾಗ ನಗು ಇಲ್ಲ, ಸಿಟ್ಟೂ ಇಲ್ಲ. ಕಣ್ಣು ಮಾತ್ರ ಪೆಟ್ಟಿಗೆ ಮೇಲೆ. ಗಾಡಿಯಿಂದ ಪಿಯಾನೋ ಹಾರ್ಡಿ ಬೆನ್ನಿಗೆ ಇಳಿಸುವ ಹೊತ್ತಿಗೆ ಸರಿಯಾಗಿ ಕುದುರೆ ಮುಂದಕ್ಕೆ ಸರಿಯಿತು ನೋಡಿ, ಆಗ ಬಾಯಿಬಿಟ್ಟ: “ಗಾಲಿಗಿ ಕಲ್ಲು ಇಟ್ಟಿಲ್ಲಲೇ ಇವ್ರು!” ಮೆಟ್ಟಿಲ ಮೇಲೆ ಮತ್ತೊಂದು ಮಾತು: “ದಪ್ಪನವ ಕೆಳಗ ನಿಂತಾನ. ಖರೇ ಹಮಾಲ ಅವನೇ. ಭಾರ ಎಲ್ಲಾ ಕೆಳಗಿನವನ ಮ್ಯಾಲೇ ಬರ್ತದ.”

ಅಷ್ಟೊತ್ತಿಗೆ ಇಬ್ಬರೂ ಏದುಸಿರು ಬಿಡುತ್ತಾ ತುದಿ ಮುಟ್ಟಿದ್ದರು. ಅಂಚೆಯವ ಬಂದು ಹೇಳುತ್ತಾನೆ, ಅಯ್ಯೋ, ಮೆಟ್ಟಿಲು ಯಾಕೆ ಏರಿದಿರಿ, ಆ ಕಡೆಯಿಂದ ಗಾಡಿ ರಸ್ತೆಯೇ ಇದೆಯಲ್ಲ! ಹೌದಾ ಅಂದವರೇ ಇಬ್ಬರೂ ಏನು ಮಾಡಬೇಕು? ಪೆಟ್ಟಿಗೆ ಎತ್ತಿ ಅಷ್ಟೂ ಮೆಟ್ಟಿಲು ಕೆಳಗಿಳಿದರು, ರಸ್ತೆಯಿಂದ ತರಲು!

ಆಗ ನಕ್ಕ ನೋಡಿ ನಮ್ಮಪ್ಪ! ಕೆಮ್ಮು ಬರುವತನಕ ನಕ್ಕ, ರುಮಾಲಿನಿಂದ ಕಣ್ಣೊರೆಸಿಕೊಂಡ. ಜಾರಿ ಬಿದ್ದಾಗ ಬಾರದ ನಗು ಇಲ್ಲಿ ಯಾಕೆ ಬಂತು? ನನಗೆ ಅನಿಸಿದ್ದು ಇಷ್ಟು. ಬೀಳುವುದು ಅಪ್ಪನಿಗೆ ಹೊಸದಲ್ಲ. ಆದರೆ ಕೆಲಸ ಮುಗಿದ ಮೇಲೆ ಯಾರೋ ಬಂದು ‘ಹಿಂದಿನ ಬಾಗಿಲಿಂದ ತರಬೇಕಿತ್ತು’ ಅನ್ನುವುದಿದೆಯಲ್ಲ, ಅದನ್ನು ಕೇಳದ ಹಮಾಲ ಉಂಟೇ?

ಮುಂದಿನದು ಗಲಾಟೆಯೋ ಗಲಾಟೆ. ಮನೆಯ ಪ್ರೊಫೆಸರನಿಗೆ ಪಿಯಾನೋ ಕಂಡರಾಗದು, ಕೊಡಲಿ ಹಿಡಿದು ಕಡಿಯುತ್ತಾನೆ. ನಡುವೆ ಅದೇ ಪಿಯಾನೋ ಅಮೆರಿಕದ ರಾಷ್ಟ್ರಗೀತೆ ನುಡಿಸಿದಾಗ ಮೂವರೂ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯುತ್ತಾರೆ! ಅದು ತನ್ನ ಹುಟ್ಟುಹಬ್ಬಕ್ಕೆ ಹೆಂಡತಿ ತರಿಸಿದ ಉಡುಗೊರೆ ಅಂತ ಪ್ರೊಫೆಸರನಿಗೆ ಗೊತ್ತಾಗುವುದು ಆಮೇಲೆ. ರಸೀದಿಗೆ ಸಹಿ ಹಾಕಲು ಹೋದರೆ ಪೆನ್ನು ಅವನ ಮುಖಕ್ಕೆ ಮಸಿ ಕಾರುತ್ತದೆ. ಜೋಡಿ ಪರಾರಿ.

ಹುಡುಗರು ಕ್ಯಾಸೆಟ್ ತೆಗೆಯುವಾಗ ಅಪ್ಪ ಕೇಳಿದ್ದು ಒಂದೇ: “ಕೂಲಿ ಕೊಟ್ನೇನು?”

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದೆ. ನಗೆಯ ತಂತ್ರ ಹೊಸೆಯುವ ಕೆಲಸವೂ ಲಾರೆಲ್‌ನದೇ ಆದ್ದರಿಂದ ಅವನ ಸಂಬಳ ಹಾರ್ಡಿಗಿಂತ ಹೆಚ್ಚು, ಹಾರ್ಡಿಗೆ ಅದರ ಬಗ್ಗೆ ತಕರಾರಿರಲಿಲ್ಲ. ಚಿತ್ರದ ಹಕ್ಕು ಮಾತ್ರ ಇಬ್ಬರ ಕೈಯಲ್ಲೂ ಇರಲಿಲ್ಲ. ಟಿ.ವಿ. ಬಂದ ಮೇಲೆ ಮನೆಮನೆಯಲ್ಲೂ ಆ ಪಿಯಾನೋ ಧಡಧಡ ಉರುಳಿತು, ಅದರ ಕಾಸು ಇವರಿಗೆ ಬರಲಿಲ್ಲ. ಹಾರ್ಡಿ 1957ರಲ್ಲಿ ಹೋದ, ಲಾರೆಲ್ 1965ರಲ್ಲಿ.