ಮೂರಡಿ ನೆಲ

ಶಿವರಾತ್ರಿ ಕಳೆಯಿತೆಂದರೆ ಸೂಲಿಬೆಲೆಯ ನಮ್ಮ ಮನೆಯಲ್ಲಿ ಹಿತ್ತಿಲಿನ ಮಾತು ಏಳುತ್ತದೆ. ಹಿತ್ತಿಲೆಂದರೆ ದೊಡ್ಡದೇನಲ್ಲ, ಹನ್ನೆರಡಡಿ ಉದ್ದ, ಹತ್ತಡಿ ಅಗಲ. ಕೆಸರು ಕಾಲಿಗಂಟುತ್ತದೆಂದು ಅದಕ್ಕೆ ಸಿಮೆಂಟು ಬಳಿಸಿದವನು ನಾನೇ. “ನೆಲದ ಬಾಯಿ ಮುಚ್ಚಿಸಿದೆಯಲ್ಲೋ” ಎಂದಳು ಅಮ್ಮ. ನಾನು ನಕ್ಕುಬಿಟ್ಟೆ. ೨೦೨೪ರ ಏಪ್ರಿಲ್ ೨೮ರಂದು ಬೆಂಗಳೂರಿನ ಉಷ್ಣತೆ ೩೮.೫ ಡಿಗ್ರಿ ಮುಟ್ಟಿತಲ್ಲ, ಆ ಬೇಸಗೆಯಲ್ಲಿ ರಾತ್ರಿ ಹತ್ತಾದರೂ ನಮ್ಮ ಸಿಮೆಂಟು ಅಂಗಾಲು ಸುಡುತ್ತಿತ್ತು. ಹಗಲು ಉಂಡ ಬಿಸಿಲನ್ನು ಇರುಳೆಲ್ಲ ಕಕ್ಕುವುದು ಅದರ ಗುಣ. ನೀರು ಚಿಮುಕಿಸೋಣವೆಂದರೆ, ಕೊಳವೆಬಾವಿಯ ನೀರನ್ನು ಕೊಡದ ಲೆಕ್ಕದಲ್ಲಿ ಬಳಸುವವರಿಗೆ ಕೈ ಬಂದೀತೆ? ಅಮ್ಮ ಆ ಬೇಸಗೆ ಹಿತ್ತಿಲಿಗೆ ಕಾಲಿಡಲಿಲ್ಲ.

ಈ ಸಲ ತೆಂಗಿನ ಸೋಗೆಯ ಚಪ್ಪರ ಹಾಕಿಸಿದೆ. ಮೂಲೆಯಲ್ಲಿ ಮರಳು ಸುರಿದು ಮಣ್ಣಿನ ಗಡಿಗೆ ಇಟ್ಟೆ. ಗಡಿಗೆ ಬೆವರಿದರೆ ತಾನೆ ಒಳಗಿನ ನೀರು ತಣ್ಣಗಾಗುವುದು! ಆ ಬೆವರಿಗೇ ಅಮ್ಮ ಮರಳಲ್ಲಿ ನಾಲ್ಕು ಕಾಳು ರಾಗಿ ಚೆಲ್ಲಿ ಪೈರೆಬ್ಬಿಸಿದ್ದಾಳೆ. ಕೊನೆಗೆ ಮೂರಡಿ ಚೌಕದಷ್ಟು ಸಿಮೆಂಟು ಒಡೆಸಿ ಹೊಂಗೆಯ ಸಸಿ ನೆಟ್ಟೆ. ಬಳಿಸುವುದಕ್ಕೆ ತೆತ್ತದ್ದಲ್ಲದೆ ಒಡೆಸುವುದಕ್ಕೂ ತೆರಬೇಕಾಯಿತು.

“ಇದು ನೆರಳು ಕೊಡುವ ಹೊತ್ತಿಗೆ ನಾನೆಲ್ಲೋ” ಎಂದಳು ಅಮ್ಮ. ಆದರೆ ಅಂದಿನಿಂದ ಮನೆಯಲ್ಲಿ ಯಾರು ಮುಖ ತೊಳೆದರೂ ಆ ನೀರನ್ನು ಬೇರೆಲ್ಲೂ ಚೆಲ್ಲಗೊಡುತ್ತಿಲ್ಲ.