ಗುರಿ ಕೈಕೊಟ್ಟಾಗ

ಮನುಷ್ಯನ ಭಾಗ್ಯದ ಅರ್ಧ ಚರಿತ್ರೆಯನ್ನು ಕನ್ನಡದ ‘ಕೈ’ ಎಂಬ ಒಂದು ಶಬ್ದವೇ ಹೇಳಿಬಿಡುತ್ತದೆ. ವಿದ್ಯೆ ಕೈಗೆ ಹತ್ತಬೇಕು, ಹತ್ತಿದ್ದು ಕೈಗೂಡಬೇಕು, ಕೈಗೂಡಿದ್ದು ಕಷ್ಟಕಾಲದಲ್ಲಿ ಕೈಹಿಡಿಯಬೇಕು. ಇಷ್ಟೆಲ್ಲ ಆದ ಮೇಲೆ ಒಂದು ದಿನ ಅದೇ ವಿದ್ಯೆ ಕೈಕೊಡುವುದೂ ಉಂಟು. ಮುಪ್ಪಿನಲ್ಲಿ ಹೀಗಾದರೆ ಯಾರೂ ಬೆರಗಾಗುವುದಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ, ರೋಗ ರುಜಿನಗಳಿಲ್ಲದೆ, ಒಂದು ವಾರದೊಳಗೆ ಹೀಗಾದರೆ ಏನೆನ್ನಬೇಕು? ನನ್ನ ತಂಗಿಯ ಮೊಮ್ಮಗನೊಬ್ಬನು ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟನು.

ಅವನು ಹರಿಹರದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ದಾವಣಗೆರೆಯ ಕಾಲೇಜಿಗೆ ದಿನವೂ ಹೋಗಿಬರುವವನು. ನಾನು ಹೇಳಹೊರಟಿರುವುದು ಅವನ ಪುಸ್ತಕದ ವಿದ್ಯೆಯನ್ನಲ್ಲ, ಫೋನಿನ ಪರದೆಯ ಮೇಲಣ ಧನುರ್ವಿದ್ಯೆಯನ್ನು. ‘ಬಿಜಿಎಂಐ’ ಎಂಬ ಆಟವನ್ನು ವಾಚಕರಲ್ಲಿ ಅನೇಕರು ತಮ್ಮ ಮಕ್ಕಳ ಕೈಯಲ್ಲಿ ಕಂಡೇ ಇರುವರು. ಮೊದಲು ಪಬ್‌ಜಿ ಎಂಬ ಹೆಸರಿನಿಂದ ಬಂದು, 2020ರ ಸೆಪ್ಟೆಂಬರಿನಲ್ಲಿ ಸರ್ಕಾರದ ನಿಷೇಧಕ್ಕೆ ಒಳಗಾಗಿ, 2021ರ ಜುಲೈಯಲ್ಲಿ ಹೊಸ ಹೆಸರಿನಿಂದ ಮರಳಿ, 2022ರ ಜುಲೈಯಲ್ಲಿ ಮತ್ತೆ ಮರೆಯಾಗಿ, 2023ರ ಮೇ ತಿಂಗಳಲ್ಲಿ ಪುನಃ ಕಾಣಿಸಿಕೊಂಡ ಆಟವದು. ನಾಲ್ವರದೊಂದು ತಂಡ, ಇಂಥ ಹಲವು ತಂಡಗಳು ಒಂದು ಭೂಭಾಗದಲ್ಲಿ ಇಳಿದು ಕಾದುವುವು, ಕೊನೆಗೆ ಉಳಿದ ತಂಡಕ್ಕೆ ಜಯ.

ಇದರಲ್ಲಿ ಗುರಿಯಿಡುವುದು ನಾವೆಣಿಸುವಷ್ಟು ಸುಲಭವಲ್ಲ. ಬಂದೂಕು ಸಿಡಿದಂತೆಲ್ಲ ಗುರಿಯ ಚುಕ್ಕೆಯು ಮೇಲಕ್ಕೆ ನೆಗೆಯುತ್ತದೆ. ಅದನ್ನು ಹೆಬ್ಬೆರಳಿನಿಂದ ಕೆಳಕ್ಕೆ ಎಳೆಯುತ್ತಲೇ ಓಡುವ ಎದುರಾಳಿಯ ಮೇಲೆ ನಿಲ್ಲಿಸಬೇಕು. ಬೆರಳು ಇಷ್ಟು ಸರಿದರೆ ಚುಕ್ಕೆ ಎಷ್ಟು ಸರಿಯಬೇಕೆಂಬುದನ್ನು ಆಟಗಾರನೇ ಅಂಕಿಗಳಲ್ಲಿ ಗೊತ್ತುಮಾಡಿಕೊಳ್ಳುವನು. ಇದಕ್ಕೆ ಹುಡುಗರು ‘ಸೆನ್ಸಿಟಿವಿಟಿ’ ಎನ್ನುವರು. ಆ ಅಂಕಿಗೆ ಬೆರಳು ಒಗ್ಗಲು ತಿಂಗಳುಗಳು ಹಿಡಿಯುತ್ತವೆ. ಒಗ್ಗಿದ ಮೇಲೆ ಕಣ್ಣು ಕಂಡಲ್ಲಿಗೆ ಬೆರಳು ತಾನಾಗಿ ಹೋಗುತ್ತದೆ.

ಹೋದ ಬೇಸಗೆಯಲ್ಲಿ ಒಂದು ಸಂಜೆ ಹುಡುಗನು ಬಂದು, “ಅಜ್ಜಾ, ನನ್ನ ಗುರಿ ಹೋತು” ಎಂದನು. ಸಾವಿನ ಸುದ್ದಿಯನ್ನು ಹೇಳುವವರ ದನಿ ಅದು. ಮೂರು ವರ್ಷದ ಅಭ್ಯಾಸವು ವಾರದಲ್ಲಿ ಇಲ್ಲವಾಗಿತ್ತು. ಗೆಳೆಯರು ಮೊದಲು ನಕ್ಕರು, ಬಳಿಕ ಸಹಿಸಿದರು, ಕೊನೆಗೆ ಅವನ ಸ್ಥಾನಕ್ಕೆ ಇನ್ನೊಬ್ಬನನ್ನು ಕರೆದುಕೊಂಡರು. ಊಟ ಕಡಮೆಯಾಯಿತು, ನಡುರಾತ್ರಿ ಕಳೆದರೂ ಅವನ ಕೋಣೆಯ ದೀಪ ಆರದು. ಮನೆಯಲ್ಲಿ ಮಾತ್ರ, “ಒಳ್ಳೆಯದೇ ಆಯಿತು, ಇನ್ನಾದರೂ ಓದುತ್ತಾನೆ” ಎಂದು ಸಮಾಧಾನಪಟ್ಟರು. ಹುಡುಗನು ಓದಲಿಲ್ಲ. ಲೆಕ್ಕದ ಪುಸ್ತಕವನ್ನು ತೆರೆದು, “ಇದೂ ನನಗೆ ಬರೋದಿಲ್ಲ” ಎಂದು ಮುಚ್ಚಿಟ್ಟನು. ಒಂದು ವಿದ್ಯೆಯಲ್ಲಿ ಕಳೆದ ನಂಬಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಮಳೆಗಾಲದ ಗೋಡೆಯ ತೇವದಂತೆ ಪಕ್ಕದ ಕೋಣೆಗೂ ಹಬ್ಬುತ್ತದೆ. ನನ್ನನ್ನು ಚಿಂತೆಗೆ ಈಡುಮಾಡಿದ್ದು ಇದು.

ಇದೂ ಒಂದು ವಿದ್ಯೆಯೇ ಎಂದು ಕೆಲವರು ಕೇಳಬಹುದು. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಆಟಗಳಿಗೂ ಪದಕಗಳಿದ್ದವೆಂದು ಹೇಳಿ ವಾದಿಸಬಹುದು. ನನಗೆ ಆ ವಾದ ಬೇಡ. ಪದಕವಿಲ್ಲದ ಗೋಲಿಯಾಟದಲ್ಲಿಯೂ ಗುರಿ ತಪ್ಪಿದ ಹುಡುಗನ ಮುಖ ಬಾಡುತ್ತದೆ. ಆ ದುಃಖ ಸುಳ್ಳಲ್ಲ.

ನಾನು ಬಹುಕಾಲ ಗಣಿತದ ಉಪಾಧ್ಯಾಯನಾಗಿದ್ದವನು. ಉತ್ತರ ತಪ್ಪಿದರೆ ಯಾವ ಮೆಟ್ಟಿಲಿನಲ್ಲಿ ತಪ್ಪಿತೆಂದು ಹಿಂದಕ್ಕೆ ನಡೆದುನೋಡುವುದು ನನ್ನ ರೂಢಿ. ಹುಡುಗನನ್ನು ಕೂರಿಸಿಕೊಂಡು ದಿನದಿನದ ಸಂಗತಿಯನ್ನು ಕೇಳಿದೆನು. ಮೊದಲನೆಯ ಮೆಟ್ಟಿಲು ನಮ್ಮ ಸೀಮೆಯ ಬಿಸಿಲು. ಫೋನು ಮಿತಿಮೀರಿ ಕಾದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತದೆ. ಚಿತ್ರವು ತಡೆತಡೆದು ಬರುತ್ತದೆ. ಬೆರಳು ಮುಂದಾಗಿ ಚುಕ್ಕೆ ಹಿಂದಾಗುತ್ತದೆ. ಮಧ್ಯಾಹ್ನದ ಸೆಕೆಯಲ್ಲಿ ಆಡುತ್ತಿದ್ದ ಹುಡುಗನು ಯಂತ್ರದ ಬಳಲಿಕೆಯನ್ನು ಬೆರಳಿನ ದೋಷವೆಂದು ತಿಳಿದನು. ಎರಡನೆಯ ಮೆಟ್ಟಿಲಿನಲ್ಲಿ ಅಂಕಿಗಳನ್ನು ಬದಲಿಸತೊಡಗಿದನು, ಇಂದೊಂದು, ನಾಳೆಯೊಂದು. ಬೆರಳು ಕಲಿತಿದ್ದ ಅಳತೆಗೆ ಆಧಾರವೇ ಇಲ್ಲದಾಯಿತು. ಮೂರನೆಯದು ನಿದ್ದೆಗೆಟ್ಟು ಮಾಡಿದ ಅಭ್ಯಾಸ. ನಾಲ್ಕನೆಯದೇ ಎಲ್ಲಕ್ಕಿಂತ ಹೆಚ್ಚಿನದು: ಎದುರಾಳಿಯನ್ನು ನೋಡುವುದನ್ನು ಬಿಟ್ಟು ತನ್ನ ಹೆಬ್ಬೆರಳನ್ನೇ ಕಾವಲು ಕಾಯತೊಡಗಿದ್ದನು.

ಈ ಕಾವಲಿನ ಕೇಡನ್ನು ಅರಿಯಲು ದಾವಣಗೆರೆಯ ಬೆಣ್ಣೆದೋಸೆಯ ಅಂಗಡಿಗೆ ಹೋದರೆ ಸಾಕು. ಕಾವಲಿಯ ಮುಂದೆ ನಿಂತವನು ಗಿರಾಕಿಯೊಡನೆ ಮಾತಾಡುತ್ತಲೇ ಹಿಟ್ಟು ಹೊಯ್ದು ದುಂಡಗೆ ಸವರುವನು. ಸೌಟನ್ನು ಎಷ್ಟು ಸುತ್ತು ತಿರುಗಿಸುವೆ, ಎಲ್ಲಿ ಒತ್ತುವೆ ಎಂದು ಕೇಳಿ, ಅದನ್ನು ಗಮನಿಸುತ್ತ ಮಾಡೆಂದರೆ, ಆ ದೋಸೆ ದುಂಡಗಾಗುವುದು ಸಂದೇಹ. ಗಾಲ್ಫ್ ಆಡುವವರಲ್ಲಿ ಅನುಭವಿಗಳ ಕೈಯೂ ಸಣ್ಣ ಹೊಡೆತಕ್ಕೆ ಇದ್ದಕ್ಕಿದ್ದಂತೆ ಅದುರಿ ತಪ್ಪುವುದುಂಟು. ಇದಕ್ಕೆ ‘ಯಿಪ್ಸ್’ ಎಂಬ ಹೆಸರೇ ಬಿದ್ದಿದೆ. ರಿಚ್ ಮಾಸ್ಟರ್ಸ್ ಎಂಬ ವಿದ್ವಾಂಸನು ಅದೇ ಗಾಲ್ಫಿನ ಹೊಡೆತವನ್ನು ಹೊಸಬರಿಗೆ ಕಲಿಸಿ ಪರೀಕ್ಷಿಸಿದ್ದನ್ನು 1992ರಲ್ಲಿ ಪ್ರಕಟಿಸಿದನು. ನಿಯಮಗಳನ್ನು ಓದಿ ಕಲಿತವರಿಗೆ ಒತ್ತಡದ ಹೊತ್ತಿನಲ್ಲಿ ತೊಡಕಾಯಿತು. ನಿಯಮವಿಲ್ಲದೆ ಕೈಯಿಂದಲೇ ಕಲಿತವರಿಗೆ ಅಷ್ಟಾಗಿ ಆಗಲಿಲ್ಲ. ಅಂಜಿದ ಮನಸ್ಸು ಕೈಗೆ ಬುದ್ಧಿ ಹೇಳಹೋಗಿ ಕೈಯ ಬುದ್ಧಿಯನ್ನು ಕೆಡಿಸುತ್ತದೆ ಎಂಬುದೇ ಇದರ ತಾತ್ಪರ್ಯ.

ಹಾಗೆಂದು ಕಳೆದ ಗುರಿಯೆಲ್ಲ ಮರಳುವುದೆಂದು ಹೇಳಲಾಗದು. ಮರದ ಮೇಲಣ ಹಕ್ಕಿಯ ಕಣ್ಣನ್ನು ಮಾತ್ರವೇ ಕಂಡ ಅರ್ಜುನನನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅವನ ಕೊನೆಯ ಬಿಲ್ಲಿನ ಕಥೆಯನ್ನು ಹೇಳುವವರು ಕಡಮೆ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದ್ದರಿಂದ ಮೌಸಲಪರ್ವವು ನಮ್ಮ ಕಿವಿಗೆ ದೂರವಾಯಿತೋ ಏನೋ. ಕೃಷ್ಣನು ಹೋದ ಬಳಿಕ ದ್ವಾರಕೆಯ ಸ್ತ್ರೀಯರನ್ನು ಅರ್ಜುನನು ಕರೆತರುತ್ತಿರಲು ದಾರಿಗಳ್ಳರು ಮೇಲೆ ಬಿದ್ದರು. ಗಾಂಡೀವಕ್ಕೆ ಹೆದೆಯೇರಿಸುವುದೇ ಪ್ರಯಾಸವಾಯಿತು. ಅಸ್ತ್ರಗಳು ನೆನಪಿಗೆ ಬಾರದಾದವು. ಅಕ್ಷಯವಾದ ಬತ್ತಳಿಕೆ ಬರಿದಾಯಿತು. ಕಾಲವು ಕೊಟ್ಟದ್ದನ್ನು ಕಾಲವೇ ತೆಗೆದುಕೊಂಡಿತೆಂದು ವ್ಯಾಸರು ಅವನನ್ನು ಸಂತೈಸಿದರು. ಇದು ಮರಳದ ಬಗೆ.

ನಮ್ಮ ಹರಿಹರದವರು ಇನ್ನೊಂದು ಬಗೆಯನ್ನು ಕಂಡಿದ್ದಾರೆ. 1941ರಲ್ಲಿ ಇಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಕಾರ್ಖಾನೆ ಮುಚ್ಚಿತು, ಕೂದಲೆಳೆಯಷ್ಟು ಅಂತರವನ್ನು ಬೆರಳ ತುದಿಯಿಂದಲೇ ಅರಿಯುತ್ತಿದ್ದ ಕೈಗಳು ಹಾಗೆಯೇ ಉಳಿದವು. ಅಲ್ಲಿ ಕೈ ತಪ್ಪಲಿಲ್ಲ, ಕೈಗೆ ಕೆಲಸ ತಪ್ಪಿತು.

ಮೂರನೆಯ ಬಗೆಗೆ ಬೆಂಗಳೂರಿನ ಪಿಸ್ತೂಲುಗಾರ ಪ್ರಕಾಶ್ ನಂಜಪ್ಪನವರೇ ಸಾಕ್ಷಿ. 2013ರಲ್ಲಿ ಅವರ ಮುಖದ ಒಂದು ಪಾರ್ಶ್ವಕ್ಕೆ ವಾಯು ಬಡಿಯಿತು. ಗುರಿಕಾರನಿಗೆ ಇದಕ್ಕಿಂತ ದೊಡ್ಡ ಆಘಾತವುಂಟೆ? ಆದರೂ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಅವರು ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿಯ ಪದಕ ಪಡೆದರು. 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು. ದಾರಿಗೆ ಅಡ್ಡ ಬಿದ್ದಿತ್ತು, ವಿದ್ಯೆ ಹೋಗಿರಲಿಲ್ಲ.

ಇದನ್ನೆಲ್ಲ ಕೇಳಿದ ಹುಡುಗನು, “ನನ್ನದು ಯಾವ ಬಗೆ ಅಜ್ಜಾ?” ಎಂದನು. ಉತ್ತರವು ನಾಲ್ಕು ದಿನದ ಮೇಲೆ ತಾನಾಗಿ ದೊರೆಯಿತು. ರಜೆಗೆ ಬಂದಿದ್ದ ನನ್ನ ಮೊಮ್ಮಗಳು, ಹತ್ತು ವರ್ಷದವಳು, “ಹೆಂಗ ಆಡೋದು ತೋರಿಸಣ್ಣ” ಎಂದು ಹಟ ಹಿಡಿದಳು. ಸಂಜೆ ಹೊಳೆಯ ಕಡೆಯ ಗಾಳಿ ಬೀಸುತ್ತಿತ್ತು. ಆಟದೊಳಗಿನ ಅಭ್ಯಾಸದ ಬಯಲಿನಲ್ಲಿ ಅವನು ಅವಳ ನೂರು ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಗುಂಡು ಹಾರಿಸುತ್ತಿದ್ದನು. ಗುರಿಹಲಗೆಗಳು ಒಂದಾದ ಮೇಲೊಂದು ಉರುಳುತ್ತಿದ್ದವು. ಅವನಿಗೆ ಅದು ತಿಳಿಯಲಿಲ್ಲ, ನಾನು ಕಂಡೆನು. ಕಂಡೂ ಹೇಳಲಿಲ್ಲ. ಹೇಳಿದ್ದರೆ ಮರುಕ್ಷಣವೇ ಹೆಬ್ಬೆರಳ ಮೇಲೆ ಕಾವಲು ಕೂರುತ್ತಿತ್ತು.

ಮಾರನೆಯ ದಿನ ಇಷ್ಟೇ ಹೇಳಿದೆನು: “ತಮ್ಮಾ, ಹಳೆಯ ಅಂಕಿಯನ್ನೇ ಇಟ್ಟುಕೊ, ಒಂದು ತಿಂಗಳು ಅದನ್ನು ಮುಟ್ಟಬೇಡ. ಒಂದು ವಾರ ಆಟ ಬಿಡು. ಆಮೇಲೆ ತಂಪು ಹೊತ್ತಿನಲ್ಲಿ ಆಡು. ರಾತ್ರಿ ಮಲಗು.” ಅವನು ಒಪ್ಪಿದನು. ಆಷಾಢದ ಹೊತ್ತಿಗೆ ಗೆಳೆಯರು ಮತ್ತೆ ಕರೆದರು. ಮೊದಲಿನಷ್ಟೇ ಬಂದಿದೆಯೆಂದು ಅವನು ಹೇಳುವುದಿಲ್ಲ. ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಆದರೆ ಲೆಕ್ಕದ ಪುಸ್ತಕವು ತೆರೆದಿದೆ.

ಇಂದು ಫೋನು, ನಾಳೆ ಉಪಾಧ್ಯಾಯನ ಸೀಮೆಸುಣ್ಣ, ವೈದ್ಯನ ಕತ್ತರಿ, ಗಾಯಕಿಯ ಶಾರೀರ: ಏನನ್ನಾದರೂ ಚೆನ್ನಾಗಿ ಕಲಿತವರಿಗೆಲ್ಲ ಇಂಥದೊಂದು ದಿನ ಬರಬಹುದು. ಆ ದಿನ ಮನೆಯಲ್ಲಿ ಯಾರಾದರೊಬ್ಬರು “ಒಳ್ಳೆಯದಾಯಿತು” ಎನ್ನದೆ ಪಕ್ಕದಲ್ಲಿ ಕುಳಿತರೆ ಅಷ್ಟು ಸಾಕು.